ತಕಯಾಸು ರೋಗದಲ್ಲಿ ಮೆದುಳಿಗೆ ರಕ್ತ ಸಾಲದಾದಾಗ: ನನ್ನ ಅನುಭವ

ತಕಯಾಸು ಎಂದರೆ ಹೃದಯದಿಂದ ಹೊರಡುವ ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆಯಲ್ಲಿ ಉರಿಯೂತ ಎದ್ದು ನಾಳಗಳು ಕಿರಿದಾಗುವ ರೋಗ. ಎದ್ದು ನಿಂತರೆ ಕಣ್ಣು ಕತ್ತಲೆ, ಕೈಯಲ್ಲಿ ನಾಡಿ ಸಿಗುತ್ತಿಲ್ಲ, ಬಿ.ಪಿ. 80. ಇಂಥ ಯುವತಿಯನ್ನು ‘ಲೋ ಬಿ.ಪಿ.’ ಎಂದು ಟಾನಿಕ್ ಕೊಟ್ಟು ಕಳಿಸಬಾರದು. ನಾನು ಎರಡೂ ಕೈ, ಎರಡೂ ತೊಡೆಯ ಬಿ.ಪಿ. ನೋಡುತ್ತೇನೆ, ಕತ್ತಿನ ಮೇಲೆ ಸ್ಟೆತಸ್ಕೋಪ್ ಇಟ್ಟು, ಕಿರಿದಾದ ನಾಳದಲ್ಲಿ ರಕ್ತ ನುಗ್ಗುವ ಸದ್ದು ಇದೆಯೇ ಎಂದು ಆಲಿಸುತ್ತೇನೆ. ಎರಡೂ ಕೈಗಳ ರಕ್ತನಾಳ ಕಟ್ಟಿದ್ದರೆ ಕೈಯ ಅಳತೆ ನಂಬುವಂತಿಲ್ಲ. ಕಾಲಿನಲ್ಲಿ 180 ಇರಬಹುದು. ಹಾಗೆಂದು ಅದನ್ನು ಒಂದೇ ದಿನದಲ್ಲಿ 120ಕ್ಕೆ ಇಳಿಸಿದರೆ, ಕಿರಿದಾದ ಕೆರೋಟಿಡ್ (ಕತ್ತಿನ ಮೂಲಕ ಮೆದುಳಿಗೆ ಹೋಗುವ ರಕ್ತನಾಳ) ದಾಟಿ ಮೆದುಳಿಗೆ ತಲುಪುತ್ತಿದ್ದ ಅಷ್ಟಿಷ್ಟು ರಕ್ತವೂ ನಿಂತು ಪಾರ್ಶ್ವವಾಯು ಹೊಡೆಯಬಹುದು. ನಿಧಾನವಾಗಿಯೇ ಇಳಿಸಬೇಕು.

ಮೊದಲ ಕೆಲಸ ಉರಿಯೂತ ಆರಿಸುವುದು. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ 40ರಿಂದ 60 ಮಿ.ಗ್ರಾಂ.; ಎರಡು-ಮೂರು ತಿಂಗಳಲ್ಲಿ 15–20ಕ್ಕೆ, ವರ್ಷದ ಹೊತ್ತಿಗೆ 10 ಅಥವಾ ಅದಕ್ಕೂ ಕೆಳಗೆ. ಸ್ಟಿರಾಯ್ಡ್ ಒಂದನ್ನೇ ನೆಚ್ಚಿಕೊಂಡರೆ ಇಳಿಸುವಾಗ ರೋಗ ಮರುಕಳಿಸುತ್ತದೆ, ಆದ್ದರಿಂದ ಆರಂಭದಲ್ಲೇ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಸೇರಿಸುತ್ತೇನೆ. ಇದು ವಾರಕ್ಕೊಮ್ಮೆ ಮಾತ್ರ. ಚೀಟಿಯಲ್ಲಿ ‘ಭಾನುವಾರ’ ಎಂದು ಕನ್ನಡದಲ್ಲೇ ಬರೆಯುತ್ತೇನೆ. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಜೊತೆಗೆ ಬೇರೊಂದು ದಿನ ಫೋಲಿಕ್ ಆಸಿಡ್. ಗರ್ಭಿಣಿಯರಿಗೆ ಈ ಔಷಧ ಕೂಡದು, ಹಾಗಾಗಿ ಮಗುವಿನ ಯೋಚನೆ ಇದೆಯೇ ಎಂದು ಕೇಳದೆ ಬರೆಯುವುದೇ ಇಲ್ಲ. ಇದಕ್ಕೂ ಬಗ್ಗದಿದ್ದರೆ ಉರಿಯೂತ ತಡೆಯುವ ಜೈವಿಕ ಔಷಧಗಳಾದ ಟಾಸಿಲಿಜುಮಾಬ್ ಅಥವಾ ಇನ್‌ಫ್ಲಿಕ್ಸಿಮಾಬ್, ಅದಕ್ಕೂ ಮುಂಚೆ ಕ್ಷಯದ ಪರೀಕ್ಷೆ.

ಉರಿಯೂತ ಅಳೆಯುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಸರಿಯಿದ್ದ ಮಾತ್ರಕ್ಕೆ ರೋಗ ತಣಿದಿದೆ ಎನ್ನಲಾಗದು. ಟಾಸಿಲಿಜುಮಾಬ್ ಪಡೆಯುವವರಲ್ಲಂತೂ ಇವೆರಡೂ ಔಷಧದಿಂದಲೇ ಇಳಿದಿರುತ್ತವೆ. ಹೊಸದಾಗಿ ನಾಡಿ ಕಳೆದಿದೆಯೇ, ಎಂಆರ್ ಆಂಜಿಯೊದಲ್ಲಿ (ರಕ್ತನಾಳಗಳ ಎಂಆರ್‌ಐ ಚಿತ್ರ) ನಾಳದ ಗೋಡೆ ದಪ್ಪವಾಗುತ್ತಿದೆಯೇ ಎಂಬುದೇ ನನಗೆ ಮುಖ್ಯ.

ಔಷಧ ಕೊಟ್ಟ ಮೇಲೂ ತಲೆಸುತ್ತು, ದೃಷ್ಟಿ ಮಂಕಾಗುವುದು ನಿಲ್ಲದಿದ್ದರೆ ಬೈಪಾಸ್, ಅಂದರೆ ಕಟ್ಟಿದ ಜಾಗ ಬಳಸಿ ರಕ್ತ ಹರಿಯಲು ಬೇರೆ ನಾಳ ಜೋಡಿಸುವ ಶಸ್ತ್ರಚಿಕಿತ್ಸೆ. ಉರಿಯೂತ ಆರದೆ ಮಾಡಿದರೆ ಜೋಡಿಸಿದ ಜಾಗವೇ ಮತ್ತೆ ಕಟ್ಟಿಕೊಳ್ಳುತ್ತದೆ. ಕೈಯ ನಾಳಕ್ಕೂ ರೋಗ ತಗಲಿರುವುದರಿಂದ ಅಲ್ಲಿಂದ ರಕ್ತ ಎಳೆಯದೆ, ಎದೆ ತೆರೆದು ಏರುವ ಮಹಾಪಧಮನಿಯಿಂದಲೇ (ಹೃದಯದಿಂದ ಮೇಲಕ್ಕೆ ಹೊರಡುವ ಅದರ ಮೊದಲ ಭಾಗ) ಕೆರೋಟಿಡ್‌ಗೆ ಜೋಡಿಸುವುದನ್ನು ನಾನು ಒಪ್ಪುತ್ತೇನೆ. ಸ್ಟೆಂಟ್ ಸುಲಭ, ಆದರೆ ಮತ್ತೆ ಮುಚ್ಚಿಕೊಳ್ಳುವುದು ಹೆಚ್ಚು.

ಶಸ್ತ್ರಚಿಕಿತ್ಸೆಯ ಬಳಿಕ ಬಿ.ಪಿ.ಯ ಲೆಕ್ಕ ತಿರುಗುತ್ತದೆ. ಬಹುಕಾಲ ರಕ್ತ ಕಾಣದ ಮೆದುಳಿನ ನಾಳಗಳಿಗೆ ಹಠಾತ್ ನುಗ್ಗುವ ರಭಸ ತಡೆಯುವ ಶಕ್ತಿ ಇರುವುದಿಲ್ಲ. ಬೈಪಾಸ್ ಆದ ಬದಿಗೇ ತಲೆನೋವು ಬಂದರೆ, ಫಿಟ್ಸ್ ಆದರೆ, ಕೂಡಲೇ ಸಿ.ಟಿ.; ಮೇಲಿನ ಬಿ.ಪಿ. 140 ದಾಟದಂತೆ ಐಸಿಯುನಲ್ಲೇ ಕಾಯಬೇಕು. ಆ ಅಳತೆ ಯಾವ ಕೈ-ಕಾಲಿನದು ಎಂದು ಹಾಸಿಗೆಯ ಚಾರ್ಟ್ ಮೇಲೆ ಬರೆಸಿಡುತ್ತೇನೆ.