ಹಳೆಯ ವೀ ಕನ್ಸೋಲ್‌ನಲ್ಲಿ ಮನೆಯ ಸರ್ವರ್: ನನ್ನ ಅನುಭವ

ನಿಂಟೆಂಡೊ ಕಂಪನಿಯ ಆಟದ ಕನ್ಸೋಲ್ ವೀ ಮಾರುಕಟ್ಟೆಗೆ ಬಂದದ್ದು 2006ರಲ್ಲಿ. ಒಳಗಿರುವುದು 729 ಮೆಗಾಹರ್ಟ್ಸ್‌ನ ಪವರ್‌ಪಿಸಿ ಪ್ರೊಸೆಸರ್, ಜೊತೆಗೆ 24 ಮತ್ತು 64 ಸೇರಿ ಒಟ್ಟು 88 ಎಂಬಿ ಮೆಮೊರಿ. ಅದರಲ್ಲೂ ಒಂದು ಪಾಲು ವೀ ತನಗೇ ಇಟ್ಟುಕೊಳ್ಳುತ್ತದೆ. ಸಿನಿಮಾ ಸ್ಟ್ರೀಮಿಂಗ್, ಫೋಟೊ ಆಲ್ಬಂ, ಕಂಟೇನರ್‌ಗಳ ಆಸೆ ಇದ್ದರೆ ಈ ಪೆಟ್ಟಿಗೆ ಬೇಡವೇ ಬೇಡ. ಮನೆಯ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ), ಒಂದಿಷ್ಟು ಸ್ಥಿರ ಪುಟಗಳ ವೆಬ್ ಸರ್ವರ್, ಸೆನ್ಸರ್‌ಗಳ ಸಂದೇಶ ಹಂಚಲು ಮಸ್ಕಿಟೊ ಎಂಬ ತಂತ್ರಾಂಶ, ಇಷ್ಟಕ್ಕೆ ಧಾರಾಳವಾಗಿ ಸಾಕು.

ಕೊಳ್ಳುವಾಗ ವೀ ಮಿನಿಯನ್ನು ಬಿಟ್ಟುಬಿಡಿ, ಅದಕ್ಕೆ ಎಸ್‌ಡಿ ಕಾರ್ಡ್ ಕಿಂಡಿಯೇ ಇಲ್ಲ. ಡಿಸ್ಕ್ ಡ್ರೈವ್ ಕೆಟ್ಟಿದ್ದರೂ ನಡೆಯುತ್ತದೆ, ರಿಮೋಟ್ ಮಾತ್ರ ಬೇಕು. ರಿಮೋಟ್‌ಗೆ ದಿಕ್ಕು ತೋರಿಸಲು ಟಿವಿಯ ಬಳಿ ಇಡುವ ಸೆನ್ಸರ್ ಬಾರ್ ಇಲ್ಲವೆಂದು ಚಿಂತೆ ಬೇಡ. ಅದರಲ್ಲಿರುವುದು ಎರಡು ಗುಂಪು ಇನ್‌ಫ್ರಾರೆಡ್ ಎಲ್‌ಇಡಿ ಅಷ್ಟೆ. ಟಿವಿಯ ಮುಂದೆ ಒಂದು ಗೇಣು ಅಂತರದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟರೂ ರಿಮೋಟ್‌ನ ಕೈಯಾಕಾರದ ಗುರುತು ಪರದೆಯ ಮೇಲೆ ಓಡಾಡುತ್ತದೆ. ಇದಲ್ಲದೆ ಯುಎಸ್‌ಬಿ ಈಥರ್‌ನೆಟ್ ಅಡಾಪ್ಟರ್ ಒಂದು ಬೇಕು. ಎಎಸ್‌ಐಎಕ್ಸ್ ಕಂಪನಿಯ ಎಎಕ್ಸ್ 88772 ಚಿಪ್ ಇರುವುದನ್ನೇ ಹುಡುಕಿ. ವೀಯಲ್ಲಿ ನಾವು ಓಡಿಸಲಿರುವ ಆಪರೇಟಿಂಗ್ ಸಿಸ್ಟಮ್ ನೆಟ್‌ಬಿಎಸ್‌ಡಿ ಅದನ್ನು ಕೂಡಲೇ ಗುರುತಿಸುತ್ತದೆ.

ಹೊರಗಿನ ತಂತ್ರಾಂಶ ಓಡುವಂತೆ ವೀಯ ಬೀಗ ತೆರೆಯಲು ನಾನು ಬಳಸಿದ್ದು ಲೆಟರ್‌ಬಾಂಬ್ ಎಂಬ ಉಪಾಯ. ಸಿಸ್ಟಮ್ ಮೆನು 4.3 ಆವೃತ್ತಿ ಇರಬೇಕು. ಲೆಟರ್‌ಬಾಂಬ್ ಜಾಲತಾಣದಲ್ಲಿ ಕನ್ಸೋಲ್‌ನ ಮ್ಯಾಕ್ ವಿಳಾಸ (ಜಾಲದಲ್ಲಿ ಅದರ ಗುರುತಿನ ಸಂಖ್ಯೆ) ಕೊಟ್ಟು ಪಡೆದ ಕಡತಗಳನ್ನು ಎಸ್‌ಡಿ ಕಾರ್ಡಿಗೆ ಹಾಕಿದರೆ, ಸಂದೇಶ ಫಲಕದಲ್ಲಿ ಬಾಂಬ್ ಚಿತ್ರದ ಕೆಂಪು ಲಕೋಟೆ ಕಾಣುತ್ತದೆ. ಇವತ್ತಿನ ಪುಟದಲ್ಲಿ ಕಾಣದಿದ್ದರೆ ನಿನ್ನೆಯ ಪುಟಕ್ಕೆ ಹೋಗಿ ನೋಡಿ. ಹೊರಗಿನ ತಂತ್ರಾಂಶ ಓಡಿಸುವ ಹೋಂಬ್ರೂ ಚಾನೆಲ್ ಕೂತ ಮೇಲೆ ಬೇರೆ ಯಾವುದನ್ನೂ ಮುಟ್ಟುವ ಮೊದಲು ಬೂಟ್‌ಮಿ ಎಂಬ ಸಾಧನದಿಂದ ನ್ಯಾಂಡ್‌ನ (ವೀಯ ಒಳ ಸಂಗ್ರಹದ) ಪೂರ್ತಿ ಪ್ರತಿ ತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ಇಡಿ. ಐನೂರು ಎಂಬಿ ಮೀರುತ್ತದೆ, ಸಮಯವೂ ಹಿಡಿಯುತ್ತದೆ. ಆದರೂ ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ನೆಟ್‌ಬಿಎಸ್‌ಡಿಯ ವೀ ಇಮೇಜನ್ನು ಬಿಡಿಸಿ ಕಾರ್ಡಿಗೆ ಬರೆದು, ಹೋಂಬ್ರೂ ಚಾನೆಲ್‌ನಿಂದ ಓಡಿಸಿದರೆ ಆಯಿತು. ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಕೊಂಡು ಮೊದಲು ರೂಟ್ (ಮುಖ್ಯ ಬಳಕೆದಾರ) ಪಾಸ್‌ವರ್ಡ್ ಹಾಕಿ, ಐಪಿ ವಿಳಾಸವನ್ನು ಸ್ಥಿರಗೊಳಿಸಿ, ಬೇರೆ ಕಂಪ್ಯೂಟರ್‌ನಿಂದ ಒಳಬರಲು ಎಸ್‌ಎಸ್‌ಎಚ್ ಚಾಲೂ ಮಾಡಿ. ಮೊದಲ ಸಲ ಎಸ್‌ಎಸ್‌ಎಚ್ ಕೀಲಿಗಳು ತಯಾರಾಗಲು ಹೊತ್ತು ಹಿಡಿಯುತ್ತದೆ, ನಿಂತುಹೋಯಿತೆಂದು ಪವರ್ ಕೀಳಬೇಡಿ.

ಪ್ಯಾಕೇಜುಗಳನ್ನು ಇಲ್ಲಿ ಕಂಪೈಲ್ ಮಾಡಲು ಕೂರಬಾರದು. ಪಿಕೆಜಿಇನ್ ಎಂಬ ಸಾಧನದಿಂದ ಸಿದ್ಧ ಪ್ಯಾಕೇಜುಗಳನ್ನೇ ತರಿಸಿ. ಅದಕ್ಕೂ ಮೊದಲು ಯುಎಸ್‌ಬಿ ಪೆನ್‌ಡ್ರೈವ್‌ನಲ್ಲಿ ಮೆಮೊರಿ ಸಾಲದಾಗ ನೆರವಾಗುವ 256 ಎಂಬಿಯ ಸ್ವಾಪ್ ಕಡತ ಮಾಡಿಕೊಳ್ಳಿ. ಸ್ವಾಪ್ ಎಸ್‌ಡಿ ಕಾರ್ಡಿನಲ್ಲಿದ್ದರೆ ಕಾರ್ಡ್ ಬೇಗ ಸವೆಯುತ್ತದೆ. ಕಾರ್ಡನ್ನು ನೋಎಟೈಮ್ (ಕಡತ ಓದಿದ ಸಮಯವನ್ನು ಬರೆದಿಡದ) ಆಯ್ಕೆಯೊಂದಿಗೆ ಮೌಂಟ್ ಮಾಡಿದ್ದೇನೆ. ತಾತ್ಕಾಲಿಕ ಕಡತಗಳನ್ನು ಮೆಮೊರಿಯಲ್ಲೇ ಇಡುವ ಟಿಎಂಪಿಎಫ್‌ಎಸ್‌ಗೆ 8 ಎಂಬಿ ಮಿತಿ. ಮಿತಿ ಹಾಕದಿದ್ದರೆ ಇರುವ ಮೆಮೊರಿಯನ್ನು ಅದೇ ನುಂಗುತ್ತದೆ.

ಡಿಎನ್‌ಎಸ್‌ಗೆ ಅನ್‌ಬೌಂಡ್ ಎಂಬ ತಂತ್ರಾಂಶ ನೆಟ್‌ಬಿಎಸ್‌ಡಿಯ ಜೊತೆಗೇ ಬರುತ್ತದೆ. ಒಂದೇ ಥ್ರೆಡ್, ಸಂದೇಶಗಳ ಕ್ಯಾಶ್ 4 ಎಂಬಿ, ದಾಖಲೆಗಳ ಕ್ಯಾಶ್ 8 ಎಂಬಿ ಇಟ್ಟಿದ್ದೇನೆ. ಜಾಹೀರಾತು ತಡೆಯಲು ಲಕ್ಷಗಟ್ಟಲೆ ಹೆಸರಿನ ಪಟ್ಟಿ ತುಂಬಿದರೆ ಮೆಮೊರಿ ತುಂಬಿ ಯಂತ್ರ ಸ್ವಾಪ್‌ನಲ್ಲೇ ತೆವಳುತ್ತದೆ. ಹತ್ತಿಪ್ಪತ್ತು ಸಾವಿರ ಹೆಸರಿನ ಚಿಕ್ಕ ಪಟ್ಟಿ ಸಾಕು.

ಇಲ್ಲೊಂದು ಗಂಟು ಇದೆ, ಇದನ್ನು ಬಿಡಿಸದೆ ಸರ್ವರನ್ನು ನಂಬುವಂತಿಲ್ಲ. ಗಡಿಯಾರದಿಂದ ಸರಿಯಾದ ಸಮಯ ಸಿಗದಿದ್ದರೆ ನೆಟ್‌ಬಿಎಸ್‌ಡಿ ಫೈಲ್ ಸಿಸ್ಟಮ್‌ನಲ್ಲಿ ಕೊನೆಗೆ ದಾಖಲಾದ ಸಮಯವನ್ನೇ ಹಿಡಿದು ಏಳುತ್ತದೆ. ಕೆಲವು ದಿನ ಆಫ್ ಆಗಿದ್ದರೆ ಅಷ್ಟು ದಿನ ಹಿಂದೆ. ಡಿಎನ್‌ಎಸ್ ಉತ್ತರ ಅಸಲಿಯೆಂದು ಸಾರುವ ಡಿಎನ್‌ಎಸ್‌ಸೆಕ್ ಸಹಿಗಳಿಗೆ ಅವಧಿ ಇರುವುದರಿಂದ, ತಪ್ಪು ತಾರೀಖಿನಲ್ಲಿ ಅನ್‌ಬೌಂಡ್ ಅವನ್ನು ಒಪ್ಪುವುದಿಲ್ಲ, ಹೆಸರುಗಳಿಗೆ ವಿಳಾಸ ಸಿಗುವುದಿಲ್ಲ. ಸಮಯ ಸರಿಪಡಿಸೋಣವೆಂದರೆ ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವರ್‌ನ ವಿಳಾಸವೂ ಸಿಗುವುದಿಲ್ಲ. ಒಂದಕ್ಕೆ ಇನ್ನೊಂದು ಕಾಯುತ್ತ ಕೂರುತ್ತವೆ. ಪರಿಹಾರ ಸರಳ. ಎನ್‌ಟಿಪಿ ಸರ್ವರನ್ನು ಹೆಸರಿನ ಬದಲು ಐಪಿ ಸಂಖ್ಯೆಯಲ್ಲೇ ಬರೆಯಿರಿ, ಬೂಟ್ ಆಗುವಾಗ ಸಮಯ ಹೊಂದಿಸುವ ಎನ್‌ಟಿಪಿಡೇಟ್ ಓಡುವಂತೆ ಮಾಡಿ, ವೀ ತನಗೆ ಬೇಕಾದ ಹೆಸರುಗಳ ವಿಳಾಸಕ್ಕೆ ರೌಟರನ್ನೇ ಕೇಳಲಿ. ಕನ್ಸೋಲ್ ಒಳಗಿನ ಸಿಆರ್ 2032 ಬ್ಯಾಟರಿಯನ್ನೂ ಹೊಸದು ಹಾಕಿಬಿಡಿ.

ಪವರ್ ಗುಂಡಿ ಒತ್ತಿದೊಡನೆ ನೆಟ್‌ಬಿಎಸ್‌ಡಿ ತಾನಾಗಿ ಬೂಟ್ ಆಗಲು ಪ್ರಿಲೋಡರ್ ಎಂಬ ತಂತ್ರಾಂಶ ಬೇಕು. ನೆಟ್‌ಬಿಎಸ್‌ಡಿಯನ್ನು ಎಬ್ಬಿಸುವ ಬೂಟ್ ಡಾಲ್ ಕಡತವನ್ನು ಅದರ ಮೂಲಕ ಸ್ಥಾಪಿಸಿ, ಆಟೊಬೂಟ್‌ನಲ್ಲಿ ಸ್ಥಾಪಿತ ಕಡತವನ್ನು ಆರಿಸಿ. ಪ್ರಿಲೋಡರ್ ಅದರ ಪ್ರತಿಯನ್ನು ನ್ಯಾಂಡ್‌ನಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಕಾರ್ಡಿನಲ್ಲಿ ಹೊಸ ಆವೃತ್ತಿ ಹಾಕಿದ ಮಾತ್ರಕ್ಕೆ ಸಾಲದು, ಮತ್ತೆ ಸ್ಥಾಪಿಸಬೇಕು. ಏನಾದರೂ ಎಡವಟ್ಟಾದರೆ ರೀಸೆಟ್ ಗುಂಡಿ ಒತ್ತಿ ಹಿಡಿದು ಪವರ್ ಕೊಟ್ಟರೆ ಪ್ರಿಲೋಡರ್ ಮೆನು ಬರುತ್ತದೆ.

ಆದರೆ ಕರೆಂಟ್ ಹೋಗಿ ಬಂದಾಗ ವೀ ಕೆಂಪು ದೀಪ ಹೊತ್ತಿಸಿ ಸುಮ್ಮನಿರುತ್ತದೆ, ಗುಂಡಿ ಒತ್ತದೆ ಏಳುವುದಿಲ್ಲ. ಸರ್ವರ್ ಆಗಿ ಇದರ ದೊಡ್ಡ ಕೊರತೆ ಇದೇ. ಪುಣ್ಯಕ್ಕೆ ಇದರ ಅಡಾಪ್ಟರ್ ಕೊಡುವುದು 12 ವೋಲ್ಟ್, 3.7 ಆಂಪಿಯರ್ ಡಿಸಿ. ಸ್ಥಿರವಾದ 12 ವೋಲ್ಟ್, ಕನಿಷ್ಠ 4 ಆಂಪಿಯರ್ ಕೊಡುವ ಚಿಕ್ಕ ಡಿಸಿ ಯುಪಿಎಸ್ ನಡುವೆ ಇಟ್ಟರೆ ಸಾಕು. ಲೆಡ್ ಆಸಿಡ್ ಬ್ಯಾಟರಿಯನ್ನು ನೇರವಾಗಿ ಕೊಡಬೇಡಿ, ಚಾರ್ಜ್ ಆಗುವಾಗ ಅದು 13.5 ವೋಲ್ಟ್ ದಾಟುತ್ತದೆ. ವೀ ಎಳೆಯುವುದು ಸುಮಾರು 18 ವ್ಯಾಟ್, ಅಂದರೆ ತಿಂಗಳಿಗೆ 13 ಯೂನಿಟ್.

ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ) ಕೆಲಸವನ್ನು ಇದರ ತಲೆಗೆ ಕಟ್ಟಬೇಡಿ, ಪುಟಗಳು ಏದುಸಿರು ಬಿಡುತ್ತವೆ. ಮನೆಯ ಜಾಲದೊಳಗೆ ಸಾದಾ ಎಚ್‌ಟಿಟಿಪಿ ಇರಲಿ. ಹೊರಗೆ ತೋರಿಸಲೇಬೇಕೆಂದರೆ ಮುಂದೆ ಬೇರೊಂದು ಯಂತ್ರ ಟಿಎಲ್‌ಎಸ್ ನೋಡಿಕೊಳ್ಳಲಿ. ದೊಡ್ಡ ಕಡತಗಳನ್ನು ಎಸ್‌ಎಸ್‌ಎಚ್ ಮೂಲಕ ಸಾಗಿಸುವುದೂ ನಿಧಾನ, ಕಡತ ನಕಲಿಸುವ ಆರ್‌ಸಿಂಕ್‌ನ ಸ್ವಂತ ಡೀಮನ್ (ಹಿನ್ನೆಲೆಯಲ್ಲಿ ಓಡುವ ಸೇವೆ) ವಾಸಿ. ಯುಎಸ್‌ಬಿ ಹಾರ್ಡ್ ಡಿಸ್ಕ್ ಜೋಡಿಸುವುದಾದರೆ ಸ್ವಂತ ಪವರ್ ಇರುವ ಹಬ್ ಮೂಲಕವೇ ಜೋಡಿಸಿ.