ಲಿನಕ್ಸಲ್ಲಿ ಕಾಪಿ ಮಾಡಿದ್ದು ಪೇಸ್ಟ್ ಆಗ್ತಿಲ್ವಾ? ಮೊದ್ಲು ಆ ವಿಂಡೋ ಮುಚ್ಚಬೇಡಿ

ಹೋದ ಮಳೆಗಾಲದಲ್ಲಿ ಕುಮಟಾದಿಂದ ಅಪ್ಪಚ್ಚಿ, ಅಂದ್ರೆ ನಮ್ಮ ಚಿಕ್ಕಪ್ಪ, ಫೋನ್ ಮಾಡಿದ್ರು. "ತಮಾ, ಕಾಪಿ ಮಾಡಿದ್ದು ಎಲ್ಲೋತನಾ, ಪೇಸ್ಟ್ ಒತ್ತಿರೆ ಎಂತದೂ ಬತ್ತಿಲ್ಲೆ." ನಾನು ಕೇಳಿದ್ದು ಒಂದೇ, "ಕಾಪಿ ಮಾಡಿದ ವಿಂಡೋ ಮುಚ್ಚಿಬಿಟ್ಯನಾ ಅಪ್ಪಚ್ಚಿ?" "ಹೌದು, ಕೆಲಸ ಮುಗತ್ತು ಹೇಳಿ ಮುಚ್ಚಿದಿ." ಅಲ್ಲೇ ಇತ್ತು ನೋಡಿ ಕಥೆ. ಶಿರಸಿಲಿ ಕೂತ್ಕೊಂಡು ನೆಂಟರ ಲ್ಯಾಪ್‌ಟಾಪಿಗೆಲ್ಲ ವಿಂಡೋಸ್ ತರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಹಾಕಿಕೊಟ್ಟಿದ್ದು ನಾನೇ, ಹಾಗಾಗಿ ಬೈಸ್ಕೊಳ್ಳೋದೂ ನಾನೇ.

ವಿಷಯ ಏನಂದ್ರೆ, ಕಾಪಿ ಒತ್ತಿದ ತಕ್ಷಣ ಅಕ್ಷರ ಎಲ್ಲ ಹೋಗಿ ಒಂದು ಡಬ್ಬಿಲಿ ಕೂತ್ಕೊಳ್ತದೆ ಅಂತ ನಾವು ಅಂದ್ಕೊಂಡಿರ್ತೇವೆ. ಲಿನಕ್ಸಲ್ಲಿ ಹಾಗಲ್ಲ. ಅಡಿಕೆ ಚೀಲನ ಸೊಸೈಟಿ ಗೋಡೌನಿಗೆ ತಂದು ಇಳಿಸಿದ ಹಾಗಲ್ಲ ಅದು, "ಮಾಲು ನಮ್ಮನೇಲಿದೆ, ಬೇಕಾದವ್ರು ಬಂದು ತಗೊಂಡೋಗಿ" ಅಂತ ಹೇಳಿಕಳಿಸಿದ ಹಾಗೆ. ನೀವು ಪೇಸ್ಟ್ ಒತ್ತಿದಾಗ್ಲೇ ಆ ಅಪ್ಲಿಕೇಶನ್ ಈ ಅಪ್ಲಿಕೇಶನ್ನಿಗೆ ಮಾಲು ದಾಟಿಸೋದು. ಅಷ್ಟರೊಳಗೆ ಮನೆಗೆ ಬೀಗ ಹಾಕಿ ಹೋದ್ರೆ, ಅಂದ್ರೆ ಅಪ್ಲಿಕೇಶನ್ ಮುಚ್ಚಿದ್ರೆ, ಕೊಡೋರು ಯಾರು? ಪರದೆ ಮೇಲೆ ವಿಂಡೋ ತೋರಿಸೋ ವ್ಯವಸ್ಥೆ ಎಕ್ಸ್11, ಅದು 1987ರಲ್ಲಿ ಬಂದ ಕಾಲದಿಂದ ಹೀಗೇ, ಅದರ ಜಾಗಕ್ಕೆ ಬಂದ ಈಗಿನ ವೇಲ್ಯಾಂಡಲ್ಲೂ ಮೂಲ ಲೆಕ್ಕಾಚಾರ ಇದೇ.

ಕಾಪಿ ಮಾಡಿದ್ದನ್ನ ಪೇಸ್ಟಿಗೆ ದಾಟಿಸೋ ಈ ವ್ಯವಸ್ಥೆಗೆ ಕ್ಲಿಪ್‌ಬೋರ್ಡ್ ಅಂತಾರೆ, ಮಾಲು ಹೀಗೆ ಕಳೆದುಹೋಗೋದಕ್ಕೆ ಮದ್ದು ಕ್ಲಿಪ್‌ಬೋರ್ಡ್ ಮ್ಯಾನೇಜರ್. ಅದು ಹಿಂದ್ಗಡೆ ಕೂತ್ಕೊಂಡು ನೀವು ಕಾಪಿ ಮಾಡಿದ್ದನ್ನೆಲ್ಲ ತಾನೊಂದು ಪ್ರತಿ ಇಟ್ಕೊಳ್ತದೆ. ಲಿನಕ್ಸಲ್ಲಿ ಮೆನು, ವಿಂಡೋ ಎಲ್ಲ ತೋರಿಸೋ ಡೆಸ್ಕ್‌ಟಾಪ್ ಹಲವು ಬಗೆ, ನಿಮ್ಮದು ಕೆಡಿಇ ಆಗಿದ್ರೆ ಕ್ಲಿಪ್ಪರ್ ಅನ್ನೋ ಮ್ಯಾನೇಜರ್ ಮೊದ್ಲೇ ಇರ್ತದೆ, ಎಕ್ಸ್‌ಎಫ್‌ಸಿಇಗೆ ಕ್ಲಿಪ್‌ಮ್ಯಾನ್, ಬೇರೆ ಕಡೆ ಕಾಪಿಕ್ಯೂ ಹಾಕ್ಕೊಳ್ಳಬಹುದು. ಗ್ನೋಮ್ ಡೆಸ್ಕ್‌ಟಾಪ್ ಸಾದಾ ಅಕ್ಷರನ ತಾನೇ ಹೇಗೋ ಉಳಿಸ್ಕೊಳ್ತದೆ, ಆದ್ರೆ ಓಪನ್‌ಬಾಕ್ಸ್, ಐತ್ರೀ ತರದ, ಬರೀ ವಿಂಡೋ ಜೋಡಿಸೋ ಪ್ರೋಗ್ರಾಮ್ ಹಾಕ್ಕೊಂಡವ್ರು ಇದನ್ನ ನೀವೇ ನೋಡ್ಕೊಳ್ಬೇಕು. ಒಂದು ಮಾತು, ಈ ಮ್ಯಾನೇಜರ್ ಪಾಸ್‌ವರ್ಡನ್ನೂ ನೆನಪಿಟ್ಕೊಂಡು ಕೂತಿರ್ಬಹುದು, ಆಗಾಗ ಹಿಸ್ಟರಿ ಅಳಿಸಿ.

ಎರಡನೇ ಗೊಂದಲ ಇನ್ನೂ ಮಜಾ ಇದೆ. ಇಲ್ಲಿ ಕ್ಲಿಪ್‌ಬೋರ್ಡ್ ಒಂದಲ್ಲ, ಎರಡು. ಕಂಟ್ರೋಲ್ ಸಿ ಒತ್ತಿದ್ದು ಒಂದು ಕಡೆ ಹೋಗ್ತದೆ, ಮೌಸಲ್ಲಿ ಸುಮ್ನೆ ಎಳೆದು ಸೆಲೆಕ್ಟ್ ಮಾಡಿದ್ದು ಇನ್ನೊಂದು ಕಡೆ, ಅದಕ್ಕೆ ಪ್ರೈಮರಿ ಅಂತಾರೆ. ಅದು ಹೊರಗೆ ಬರೋದು ಮೌಸಿನ ಗಾಲಿ ಒತ್ತಿದ್ರೆ. ಒಂದರದ್ದು ಇನ್ನೊಂದರಲ್ಲಿ ಹುಡುಕಿದ್ರೆ ಸಿಗೋದಿಲ್ಲ. ಎಲ್ರೂ ಬೀಳೋ ಹೊಂಡ ಯಾವ್ದು ಗೊತ್ತಾ, ಒಂದು ಲಿಂಕನ್ನ ಎಳೆದು ಸೆಲೆಕ್ಟ್ ಮಾಡ್ತೀರಿ, ಬ್ರೌಸರಿಗೆ ಹೋಗಿ ಅಲ್ಲಿರೋ ಹಳೇ ವಿಳಾಸ ಅಳಿಸೋಣ ಅಂತ ಅದನ್ನ ಸೆಲೆಕ್ಟ್ ಮಾಡ್ತೀರಿ, ಅಷ್ಟೊತ್ತಿಗೆ ಪ್ರೈಮರಿಲಿ ಕೂತಿರೋದು ಆ ಹಳೇ ವಿಳಾಸವೇ, ಗಾಲಿ ಒತ್ತಿದ್ರೆ ಅದೇ ವಾಪಸ್ ಬಂತು! ಹಾಗಾಗಿ ಇಂಥ ಕಡೆ ಕಂಟ್ರೋಲ್ ಸಿ, ಕಂಟ್ರೋಲ್ ವಿ ಬಳಸಿ. ಟಚ್‌ಪ್ಯಾಡಲ್ಲಿ ಮೂರು ಬೆರಳು ತಾಗಿದ್ರೂ ಗಾಲಿ ಒತ್ತಿದ ಲೆಕ್ಕ ಆಗಬಹುದು, ಬರೀತಾ ಇರುವಾಗ ಮಧ್ಯದಲ್ಲಿ ಎಲ್ಲಿದೋ ಸಾಲು ಬಂದು ಕೂತ್ರೆ ಅದೇ ಕಾರಣ. ಗ್ನೋಮಲ್ಲಿ ಟ್ವೀಕ್ಸ್ ಅನ್ನೋ ಅಪ್ಲಿಕೇಶನ್ನೊಳಗೆ ಮಿಡಲ್ ಕ್ಲಿಕ್ ಪೇಸ್ಟ್ ಬಂದ್ ಮಾಡ್ಲಿಕ್ಕೆ ಬರ್ತದೆ. ನಾನಂತೂ ಬಂದ್ ಮಾಡೋದಿಲ್ಲ, ಅಭ್ಯಾಸ ಆದ್ಮೇಲೆ ಅದಿಲ್ದೆ ಕೈ ಕಟ್ಟಿದ ಹಾಗಾಗ್ತದೆ.

ಟರ್ಮಿನಲ್, ಅಂದ್ರೆ ಕಮಾಂಡ್ ಟೈಪ್ ಮಾಡೋ ವಿಂಡೋ, ಅದರ ವಿಷಯ ಬೇಗ ಹೇಳಿಬಿಡ್ತೇನೆ. ಅಲ್ಲಿ ಕಂಟ್ರೋಲ್ ಸಿ ಅಂದ್ರೆ ಓಡ್ತಾ ಇರೋ ಕೆಲಸ ನಿಲ್ಲಿಸು ಅಂತ, ಕಾಪಿಗೆ ಕಂಟ್ರೋಲ್ ಶಿಫ್ಟ್ ಸಿ, ಪೇಸ್ಟಿಗೆ ಕಂಟ್ರೋಲ್ ಶಿಫ್ಟ್ ವಿ. ಅದೇ ಅಭ್ಯಾಸದಲ್ಲಿ ಫೈರ್‌ಫಾಕ್ಸಿಗೆ ಬಂದು ಕಂಟ್ರೋಲ್ ಶಿಫ್ಟ್ ಸಿ ಒತ್ತಿದ್ರೆ ಡೆವಲಪರ್ ಟೂಲ್ಸ್ ಎದ್ದು ನಿಲ್ತದೆ, ಹೆದರಬೇಡಿ, ಮುಚ್ಚಿ ಅಷ್ಟೆ. ಟರ್ಮಿನಲ್ಲಿಂದಲೇ ಕಾಪಿ ಮಾಡ್ಲಿಕ್ಕೆ ಎಕ್ಸ್‌ಕ್ಲಿಪ್ ಕಮಾಂಡ್ ಬಳಸೋರು ನೆನಪಿಡಿ, ಏನೂ ಹೇಳದಿದ್ರೆ ಅದು ಪ್ರೈಮರಿಗೆ ಹಾಕ್ತದೆ, ಕ್ಲಿಪ್‌ಬೋರ್ಡಿಗೇ ಬೇಕು ಅಂದ್ರೆ ಬಿಡಿಸಿ ಹೇಳ್ಬೇಕು. ವೇಲ್ಯಾಂಡಲ್ಲಿ ಅದರ ಬದ್ಲು ಡಬ್ಲ್ಯುಎಲ್ ಕ್ಲಿಪ್‌ಬೋರ್ಡ್ ಪ್ಯಾಕೇಜ್ ಹಾಕ್ಕೊಳ್ಳಿ.

ಇದ್ಯಾವ್ದೂ ಅಲ್ಲ ಅಂದ್ರೆ ಎಲ್ಲಿ ಕಟ್ಟಾಗಿದೆ ಅಂತ ಹುಡುಕಬೇಕು. ಸಾದಾ ಟೆಕ್ಸ್ಟ್ ಎಡಿಟರ್ ತೆಗೀರಿ, ನಾಲ್ಕಕ್ಷರ ಬರೆದು ಅಲ್ಲೇ ಕಾಪಿ ಮಾಡಿ ಅಲ್ಲೇ ಪೇಸ್ಟ್ ಮಾಡಿ. ಆಯ್ತಾ? ಈಗ ಅಲ್ಲಿಂದ ಬ್ರೌಸರಿಗೆ, ಬ್ರೌಸರಿಂದ ಕಾಗದಪತ್ರ ಬರೆಯೋ ಲಿಬ್ರೆಆಫೀಸಿಗೆ, ಹೀಗೆ ಒಂದೊಂದೇ ದಾಟಿಸ್ತಾ ಹೋದ್ರೆ ಯಾವ ಅಪ್ಲಿಕೇಶನ್ ಹತ್ರ ನಿಲ್ತದೆ ಗೊತ್ತಾಗ್ತದೆ. ಅದನ್ನೊಂದು ಸಲ ಪೂರ್ತಿ ಮುಚ್ಚಿ ತೆಗೆದು ನೋಡಿ. ವೇಲ್ಯಾಂಡ್ ಮೇಲೆ ಹಳೇ ಎಕ್ಸ್11 ಅಪ್ಲಿಕೇಶನ್ ಓಡ್ತಾ ಇದ್ರೆ ಮಧ್ಯೆ ಒಂದು ಸೇತುವೆ ಇರ್ತದೆ, ಸಿಕ್ಕಿಹಾಕ್ಕೊಳ್ಳೋದು ಹೆಚ್ಚಾಗಿ ಅಲ್ಲೇ. ಲಾಗಿನ್ ಪರದೆಲಿ ಗಿಯರ್ ಚಿತ್ರ ಒತ್ತಿ ಎಕ್ಸ್ಆರ್ಗ್ (ಎಕ್ಸ್11 ಓಡಿಸೋದು ಇದೇ) ಆರಿಸ್ಕೊಂಡು ಒಳಗೆ ಬಂದ್ರೆ ಸರಿ ಹೋಗ್ತದಾ ನೋಡಿ, ಹೋದ್ರೆ ತಪ್ಪು ಸೇತುವೆದು. ಉಬುಂಟು ಅನ್ನೋ ಲಿನಕ್ಸಿನ 25.10 ಆವೃತ್ತಿಯಿಂದ ಗ್ನೋಮಿಗೆ ಆ ಆಯ್ಕೆನೇ ತೆಗೆದಿದ್ದಾರೆ, ಅಲ್ಲಿ ಹುಡುಕಿ ತಲೆ ಕೆಡಿಸ್ಕೋಬೇಡಿ. ವರ್ಚುವಲ್‌ಬಾಕ್ಸ್ (ಕಂಪ್ಯೂಟರೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರ್) ಒಳಗೆ ಲಿನಕ್ಸ್ ಓಡಿಸೋರಿಗೆ ಬೇರೆ ಕಾರಣ, ಅಲ್ಲಿ ಶೇರ್ಡ್ ಕ್ಲಿಪ್‌ಬೋರ್ಡ್ ಶುರುವಲ್ಲಿ ಬಂದ್ ಇರ್ತದೆ, ಡಿವೈಸಸ್ ಮೆನುಲಿ ಬೈಡೈರೆಕ್ಷನಲ್ (ಎರಡೂ ಕಡೆಗೆ) ಮಾಡಿ, ಒಳಗಿನ ಲಿನಕ್ಸಿಗೆ ಗೆಸ್ಟ್ ಅಡಿಶನ್ಸ್ ಅನ್ನೋ ಅದರದ್ದೇ ಸಹಾಯಕ ಸಾಫ್ಟ್‌ವೇರ್ ಹಾಕಿ.

ಇನ್ನು ನಮ್ಮ ಕನ್ನಡದ ಗೋಳು. ಪೇಸ್ಟ್ ಆಗ್ತದೆ, ಆದ್ರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಇರೋ ಎ, ಮಧ್ಯೆ ಪೌಂಡ್ ಚಿಹ್ನೆ. ಡಿಟಿಪಿ ಅಂಗಡಿಲಿ ಮಾಡ್ಸಿದ ಹಳೇ ಮದುವೆ ಕಾಗದ, ಸಂಘದ ವರದಿ ತೆಗೆದ್ರೆ ಇದು ಗ್ಯಾರಂಟಿ. ಇದು ಕ್ಲಿಪ್‌ಬೋರ್ಡ್ ತಪ್ಪೇ ಅಲ್ಲ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು ಒಳಗೆ ನಿಜವಾಗ್ಲೂ ಇಂಗ್ಲಿಷ್ ಅಕ್ಷರವೇ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರ್ತದೆ, ಪೇಸ್ಟ್ ಮಾಡಿದಾಗ ವೇಷ ಕಳಚಿ ಬೀಳ್ತದೆ. ಈ ಹಳೇ ಬಗೆಗೆ ಆಸ್ಕಿ ಅಂತಾರೆ, ಅದರಿಂದ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರೋ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕದಲ್ಲಿ ಹಾಕಿ ತೆಗೀಬೇಕು, ಆಮೇಲೆ ಒತ್ತಕ್ಷರ, ಅರ್ಕಾವತ್ತು ಕಣ್ಣಾರೆ ನೋಡಿ ತಿದ್ದಬೇಕು. ಪಿಡಿಎಫಿಂದ ಕಾಪಿ ಮಾಡಿದ ಕನ್ನಡ ಯೂನಿಕೋಡೇ ಆಗಿದ್ರೂ ಎಷ್ಟೋ ಸಲ ಹಿಂದೆಮುಂದೆ ಆಗಿ ಬರ್ತದೆ, ಯಾಕಂದ್ರೆ ಅದರಲ್ಲಿ ಇರೋದು ಕಣ್ಣಿಗೆ ಕಾಣೋ ಆಕಾರದ ಲೆಕ್ಕ, ಉಚ್ಚಾರಣೆದಲ್ಲ. ಅದಕ್ಕೆ ನಾನು ಕಾಪಿ ಮಾಡೋದನ್ನೇ ಬಿಟ್ಟು ಪುಟನ ಚಿತ್ರ ಮಾಡಿ, ಚಿತ್ರದಿಂದ ಅಕ್ಷರ ಓದೋ ಟೆಸರಾಕ್ಟ್ ಅನ್ನೋ ಸಾಫ್ಟ್‌ವೇರಿಗೆ ಕೊಡ್ತೇನೆ, ಅದಕ್ಕೆ ಕನ್ನಡದ ಪ್ಯಾಕೇಜ್ ಬೇರೆನೇ ಇದೆ, ಅದನ್ನೂ ಹಾಕ್ಕೊಳ್ಳಿ.

ಲಿಬ್ರೆಆಫೀಸಲ್ಲಿ ಅಕ್ಷರ ಬಂದ್ರೂ ಬಣ್ಣ, ದೊಡ್ಡ ಸೈಜು ಎಲ್ಲ ಹೊತ್ಕೊಂಡು ಬಂದ್ರೆ ಕಂಟ್ರೋಲ್ ಆಲ್ಟ್ ಶಿಫ್ಟ್ ವಿ ಒತ್ತಿ, ಬರೀ ಅಕ್ಷರ ಮಾತ್ರ ಬರ್ತದೆ. ಅಪ್ಪಚ್ಚಿಗೆ ಈ ನಾಲ್ಕು ಕೀಲಿ ಒಟ್ಟಿಗೆ ಒತ್ತೋದು ಕಷ್ಟ ಆಗಿ ಈಗ್ಲೂ ಟೆಕ್ಸ್ಟ್ ಎಡಿಟರಲ್ಲಿ ಒಮ್ಮೆ ಪೇಸ್ಟ್ ಮಾಡಿ ಅಲ್ಲಿಂದ ಮತ್ತೆ ಕಾಪಿ ಮಾಡ್ತಾರೆ. ಅದೂ ಆಗ್ತದೆ, ಆ ಎಡಿಟರ್ ಮುಚ್ಚದಿದ್ರೆ.