ಹುಂಜವೋ ಹೇಂಟೆಯೋ? ಬೆನ್ನಿನ ಗರಿ ನೋಡಿ

ಮೊಟ್ಟೆಗೆಂದು ಮರಿ ತಂದು, ನಾಲ್ಕು ತಿಂಗಳಾದ ಮೇಲೆ ಅಂಗಳದ ತುಂಬ ಹುಂಜಗಳೇ ಕಾದಾಡುವುದನ್ನು ಕಾರವಾರ, ಅಂಕೋಲಾ ಕಡೆಯ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಸಂತೆಯಲ್ಲಿ ‘ಎಲ್ಲ ಹೇಂಟೆಯೇ’ ಎಂದವರ ಮಾತು ನಂಬಿದ್ದೇ ಕಾರಣ. ಎರಡು ಕಾಸು ಹೆಚ್ಚು ಕೊಟ್ಟಾದರೂ ಎರಡೂವರೆ ತಿಂಗಳು ತುಂಬಿದ ಮರಿಯನ್ನೇ ಕೊಳ್ಳಿ.

ಒಂದು ದಿನದ ಊರಕೋಳಿ ಮರಿಯ ಲಿಂಗವನ್ನು ಹೊರನೋಟದಿಂದ ಹೇಳಲಾಗದು. ರೆಕ್ಕೆ ಬಿಡಿಸಿ ಗರಿಯ ಉದ್ದ ನೋಡುವ ವಿಧಾನ ಅದಕ್ಕೆಂದೇ ಬೆಳೆಸಿದ ತಳಿಗಳಲ್ಲಿ ಮಾತ್ರ ನಡೆಯುತ್ತದೆ. ಹಿಂಬದಿ ಒತ್ತಿ ನೋಡುವುದು ಹ್ಯಾಚರಿಯಲ್ಲಿ ಪಳಗಿದವರ ಕೆಲಸ. ನೀವು ಒತ್ತಿದರೆ ಮರಿ ಸತ್ತೀತು. ಸೂಜಿ-ದಾರ ತೂಗಾಡಿಸಿ ಗಂಡು-ಹೆಣ್ಣು ಹೇಳುವುದು, ಚೂಪು ಮೊಟ್ಟೆಯಲ್ಲಿ ಹುಂಜ ಎನ್ನುವುದು ಎರಡೂ ಸುಳ್ಳು. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳನ್ನಂತೂ ಮುಟ್ಟಬೇಡಿ. ಮೊಟ್ಟೆಕೋಳಿ ಹ್ಯಾಚರಿಗೆ ಬೇಡವಾದ ಗಂಡುಮರಿಗಳೇ ಅವುಗಳಲ್ಲಿ ಹೆಚ್ಚು.

ಮೊದಲು ತಳಿ ಗುರುತಿಸಿ. ಕುತ್ತಿಗೆಯಲ್ಲಿ ಪುಕ್ಕವಿಲ್ಲದ ತಳಿ ಹುಟ್ಟಿದಾಗಲೇ ಗೊತ್ತಾಗುತ್ತದೆ. ಅಸೀಲ್‌ಗೆ ಉದ್ದ ಕಾಲು, ನೆಟ್ಟಗಿನ ನಿಲುವು, ತಲೆಗಂಟಿದ ಗಿಡ್ಡ ಜುಟ್ಟು. ಕಡಕನಾಥ್ ಎಂದು ಕಪ್ಪು ಪುಕ್ಕದ ಯಾವುದೋ ಮರಿ ಕೊಟ್ಟಾರು. ಬಾಯಿ ತೆರೆದು ನಾಲಿಗೆ ನೋಡಿ, ಎದೆಯ ಪುಕ್ಕ ಸರಿಸಿ ಚರ್ಮ ನೋಡಿ; ಅಸಲಿಯಾದರೆ ಅವೂ ಕಪ್ಪಗಿರುತ್ತವೆ. ಮಧ್ಯಪ್ರದೇಶದ ಝಾಬುವಾದ ಈ ತಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕ ಮೇಲೆ ಬೆಲೆ ಏರಿದೆ, ಮೋಸವೂ ಏರಿದೆ.

ಎಲ್ಲರೂ ಎಡವುವುದು ಜುಟ್ಟಿನ ಹತ್ತಿರ. ಆರರಿಂದ ಎಂಟು ವಾರಕ್ಕೆ ಹುಂಜಮರಿಯ ಜುಟ್ಟು ದಪ್ಪಗಾಗಿ ಕೆಂಪೇರುತ್ತದೆ, ಗದ್ದದ ಕೆಳಗಿನ ಜೋಲುಚರ್ಮವೂ ಇಳಿಯತೊಡಗುತ್ತದೆ. ಹೇಂಟೆಯದು ಆಗಿನ್ನೂ ಸಣ್ಣದು, ಪೇಲವ. ಆದರೆ ಒಂದೇ ತಳಿಯ, ಒಂದೇ ಕಾವಿನ ಮರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಈ ಗುರುತು ನಿಲ್ಲುತ್ತದೆ. ಅಸೀಲ್ ಹುಂಜದ ಜುಟ್ಟೂ ಚಿಕ್ಕದೇ. ಕಡಕನಾಥ್‌ನ ಕಪ್ಪು ಜುಟ್ಟಿನಲ್ಲಿ ಕೆಂಪು ಹುಡುಕಿ ಫಲವಿಲ್ಲ, ಗಾತ್ರವನ್ನೇ ನೋಡಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದ ಹೇಂಟೆಯ ಕಾಲೇ ದಪ್ಪ; ಅದನ್ನು ಊರಕೋಳಿಯ ಪಕ್ಕ ಇಟ್ಟರೆ ಹುಂಜವೆಂದೇ ಅನಿಸುತ್ತದೆ.

ಹಾಗಾಗಿ ಕೊನೆಯ ತೀರ್ಮಾನ ಗರಿಯದು. ಹತ್ತು-ಹನ್ನೆರಡು ವಾರದ ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆನ್ನು ಮುಗಿದು ಬಾಲ ಶುರುವಾಗುವ ಕಡೆ ಗರಿಗಳನ್ನು ಬೆರಳಲ್ಲಿ ಬಿಡಿಸಿ. ಹುಂಜಕ್ಕೆ ಅಲ್ಲಿ ಕಿರಿದಾದ, ಚೂಪು ತುದಿಯ, ಹೊಳಪಿನ ಗರಿ ಮೂಡುತ್ತಿರುತ್ತದೆ. ಹೇಂಟೆಯ ಗರಿ ಅಗಲ, ತುದಿ ದುಂಡಗೆ. ಹಳೆಯ ಗರಿಗಳ ನಡುವೆ ಹೊಸದಾಗಿ ಬಂದದ್ದನ್ನೇ ಹುಡುಕಿ. ಊರಕೋಳಿಯಲ್ಲಿ ರೆಕ್ಕೆಯ ಹೆಗಲ ಮೇಲೆ ಕಡುಗೆಂಪು ತೇಪೆ ಕಂಡರೆ ಅದು ಬಹುಮಟ್ಟಿಗೆ ಹುಂಜವೇ. ನಮ್ಮ ಮಳೆಗಾಲದಲ್ಲಿ ಒದ್ದೆ ಪುಕ್ಕ ಅಂಟಿಕೊಂಡು ಎಲ್ಲವೂ ಚೂಪಾಗಿ ಕಾಣುತ್ತದೆ, ಮೈ ಒಣಗಿದ ಮೇಲೇ ನೋಡಿ. ಹಿಡಿಯುವುದು ಕಷ್ಟವಾದರೆ ರಾತ್ರಿ ಗೂಡಿನಿಂದ ಎತ್ತಿ ಬುಟ್ಟಿಯಲ್ಲಿ ಮುಚ್ಚಿಟ್ಟು, ಬೆಳಗಿನ ಬೆಳಕಿನಲ್ಲಿ ಪರೀಕ್ಷಿಸಿ.